ಒಂದೇ ಖೋಲಿಯ ಜೀವ

ಜಮಖಂಡಿಯ ಪದವಿಪೂರ್ವ ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷ ಜೀವಶಾಸ್ತ್ರ ಕಲಿಸಿದವಳು ನಾನು, ಶೈಲಾ. ಸಿಟ್ಟಿನ ಹೆಂಗಸು ಎಂದು ಹೆಸರಾಗಿದ್ದೇನೆ, ಅದು ಸುಳ್ಳೂ ಅಲ್ಲ. ಕೊನೆಯ ಬೆಂಚಿನಲ್ಲಿ ಕೂತು ಶೇಂಗಾ ಒಡೆಯುವವನ ಹಣೆಗೆ ಸೀಮೆಸುಣ್ಣ ಎಸೆದರೆ ಗುರಿ ತಪ್ಪಿದ್ದು ಕಡಿಮೆ. ಆದರೆ ವರ್ಷದಲ್ಲಿ ಒಂದು ಪಾಠದ ದಿನ ಸೀಮೆಸುಣ್ಣ ಎಸೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಬ್ಯಾಕ್ಟೀರಿಯದ ಕೋಶದಲ್ಲಿ ನ್ಯೂಕ್ಲಿಯಸ್ ಇಲ್ಲದೆಯೂ ಪ್ರೋಟೀನು ಹೇಗೆ ತಯಾರಾಗುತ್ತದೆ ಎಂಬ ಪಾಠ ಅದು. ಪುಸ್ತಕದಲ್ಲಿ ಒಂದೂವರೆ ಪುಟ. ನಾನು ಅದಕ್ಕೆ ಇಡೀ ಒಂದು ಗಂಟೆ ತೆಗೆದುಕೊಳ್ಳುತ್ತಿದ್ದೆ, ಏಕೆಂದರೆ ಆ ಪಾಠ ನನಗೆ ತಿಳಿದದ್ದು ಪುಸ್ತಕದಿಂದಲ್ಲ, ಬನಹಟ್ಟಿಯ ನನ್ನ ಚಿಗವ್ವನ ಮನೆಯಿಂದ.

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ, ಗುರುಬಸವ್ವ. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ನಮ್ಮವ್ವ ತೀರಿಕೊಂಡಳು. ಆಮೇಲೆ ಬಿ.ಎಸ್ಸಿ. ಮುಗಿಯುವವರೆಗೂ ನನ್ನನ್ನು ಸಾಕಿದವರು ಚಿಗವ್ವ ಮತ್ತು ಅವಳ ಗಂಡ ಶಿದ್ರಾಮಪ್ಪ ಕಾಕಾ. ಅವರಿಗೆ ಮಕ್ಕಳಾಗಲಿಲ್ಲ, ಇದ್ದ ಮಗಳು ನಾನೇ. ಮನೆ ಎಂದರೆ ಒಂದೇ ಖೋಲಿ. ಅರ್ಧ ಖೋಲಿಯನ್ನು ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗ ನುಂಗಿತ್ತು. ಉಳಿದರ್ಧದಲ್ಲಿ ಒಲೆ, ನೀರಿನ ಕೊಡ, ಹಾಸಿಗೆಯ ಸುರುಳಿ, ನನ್ನ ಪುಸ್ತಕಗಳು.

ಓಣಿಯಲ್ಲಿ ಒಬ್ಬೊಬ್ಬರಾಗಿ ಎಲ್ಲರೂ ಪಾವರ್‌ಲೂಮ್ ಹಾಕಿಸಿಕೊಂಡರೂ ಚಿಗವ್ವ ಕೈಮಗ್ಗ ಬಿಡಲಿಲ್ಲ. ಅವಳ ಸೀರೆಯ ಅಂಚಿಗೆ ರಬಕವಿಯಲ್ಲಿ ಬೇಡಿಕೆ ಇತ್ತು. ಅಂಚಿನ ನಕ್ಷೆ ಚೌಕಳಿ ಕಾಗದದಲ್ಲಿ, ನೂಲು ಕೊಟ್ಟು ಸೀರೆ ಕೊಳ್ಳುವ ಸಾವಕಾರರಿಂದ ಬರುತ್ತಿತ್ತು. ಚಿಗವ್ವನಿಗೆ ಓದು ಬಾರದು. ಅದಕ್ಕಾಗಿ ಆ ಮನೆಯದೇ ಒಂದು ರೂಢಿ ಬೆಳೆದಿತ್ತು. ಕಾಕಾ ಮಗ್ಗದ ಪಕ್ಕ ಕೂತು ಕಾಗದದ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದುತ್ತಿದ್ದ: "ಮೂರು ಎತ್ತು, ಎರಡು ಬಿಡು, ಒಂದು ಎತ್ತು, ನಾಕು ಬಿಡು." ಚಿಗವ್ವ ಅಷ್ಟಷ್ಟು ಎಳೆಗಳನ್ನು ಎತ್ತಿ, ಬಿಟ್ಟು, ಲಾಳಿ ಹಾಯಿಸುತ್ತಿದ್ದಳು. ಅವನು ಸಾಲು ಓದಿ ಮುಗಿಸುವುದರೊಳಗೆ ಅವಳ ಕೈ ಆ ಸಾಲಿನ ಅರ್ಧ ದಾಟಿರುತ್ತಿತ್ತು.

ಇದನ್ನೇ ನಾನು ತರಗತಿಯಲ್ಲಿ ಹೇಳುತ್ತಿದ್ದೆ. ನಮ್ಮ ಕೋಶ ಸಾವಕಾರರ ವಾಡೆ ಇದ್ದ ಹಾಗೆ. ಮೂಲ ನಕ್ಷೆ ಒಳಕೋಣೆಯಲ್ಲಿ ಭದ್ರವಾಗಿರುತ್ತದೆ, ಆ ಒಳಕೋಣೆಯೇ ನ್ಯೂಕ್ಲಿಯಸ್. ನಕಲು ಅಲ್ಲೇ ತಯಾರಾಗಬೇಕು, ಬೇಡದ ತುಂಡುಗಳನ್ನು ಅಲ್ಲೇ ಕತ್ತರಿಸಬೇಕು, ಆಮೇಲೆ ಅದು ಬಾಗಿಲು ದಾಟಿ ಹೊರಗಿನ ನೇಕಾರನ ಕೈ ಸೇರಬೇಕು. ಆ ನೇಕಾರನ ಹೆಸರು ರೈಬೋಸೋಮ್, ಅವನು ನೇಯುವ ಬಟ್ಟೆಯೇ ಪ್ರೋಟೀನು. ಬ್ಯಾಕ್ಟೀರಿಯಕ್ಕೆ ಒಳಕೋಣೆ ಇಲ್ಲ, ಬಾಗಿಲೂ ಇಲ್ಲ. ಅದು ಒಂದೇ ಖೋಲಿಯ ಜೀವ. ಡಿಎನ್ಎ ನಡುಮನೆಯಲ್ಲೇ ಇರುತ್ತದೆ. ಅದರ ನಕಲಾದ ಆರ್‌ಎನ್‌ಎಯ ಒಂದು ತುದಿ ಇನ್ನೂ ಬರೆಯುವ ಹಂತದಲ್ಲಿರುವಾಗಲೇ ಇನ್ನೊಂದು ತುದಿಯನ್ನು ರೈಬೋಸೋಮು ಹಿಡಿದು ನೇಯತೊಡಗುತ್ತದೆ. ಅದರ ಹಿಂದೆ ಇನ್ನೊಂದು, ಮತ್ತೊಂದು. ಓದುವುದೂ ನೇಯುವುದೂ ಒಟ್ಟಿಗೇ ನಡೆಯುತ್ತವೆ, ಹೊತ್ತು ಒಂದಿಷ್ಟೂ ಪೋಲಾಗುವುದಿಲ್ಲ. ಹುಡುಗರು ಬಾಯಿ ತೆರೆದು ಕೇಳುತ್ತಿದ್ದರು. ನನಗೆ ಹೆಮ್ಮೆಯಾಗುತ್ತಿತ್ತು. ಆ ಹೆಮ್ಮೆ ಏನು ಮಾಡಿತು ಎಂಬುದನ್ನೇ ಈಗ ಹೇಳಹೊರಟಿದ್ದೇನೆ.

ಎರಡು ಸಾವಿರದ ಏಳರ ಮಳೆಗಾಲದಲ್ಲಿ ಚಿಗವ್ವನಿಗೆ ಕೆಮ್ಮು ಶುರುವಾಯಿತು. ನೂಲಿನ ಧೂಳಿಗೆ ಕೆಮ್ಮುವುದು ಆ ಓಣಿಯಲ್ಲಿ ಯಾರಿಗೂ ಹೊಸದಲ್ಲ. ಒಂದು ದಿನ ಕಫದಲ್ಲಿ ರಕ್ತ ಬಿತ್ತು. ಕಾಕಾ ನನಗೆ ಫೋನ್ ಮಾಡಿದ. ನಾನು ರಜೆ ಹಾಕಿ ಹೋಗಿ ಸರಕಾರಿ ದವಾಖಾನೆಯಲ್ಲಿ ಕಫ ಪರೀಕ್ಷೆ ಮಾಡಿಸಿದೆ. ಕ್ಷಯ. ಡಾಕ್ಟರರು ಸಮಾಧಾನದಿಂದ ತಿಳಿಸಿ ಹೇಳಿದರು. ಆರು ತಿಂಗಳು ಔಷಧಿ, ಪುಕ್ಕಟೆ. ಅವಳ ಹೆಸರು ಬರೆದ ಒಂದು ಕೆಂಪು ಡಬ್ಬಿ ಬರುತ್ತದೆ. ಡಬ್ಬಿ ಇರುವುದು ಓಣಿಗೆ ಹತ್ತಿರದ ಅಂಗನವಾಡಿ ಕಾರ್ಯಕರ್ತೆಯ ಬಳಿ. ವಾರಕ್ಕೆ ಮೂರು ದಿನ ಅವಳ ಮನೆಗೆ ಹೋಗಿ, ಅವಳ ಕಣ್ಣೆದುರಿಗೆ ಗುಳಿಗೆ ನುಂಗಿ ಬರಬೇಕು. ಒಂದು ದಿನವೂ ತಪ್ಪಬಾರದು.

ಅದೇ ಮಧ್ಯಾಹ್ನ ಮಗ್ಗದ ಪಕ್ಕ ಕೂತು ಇಬ್ಬರಿಗೂ ಪಾಠ ಮಾಡಿದೆ. ಇಷ್ಟು ವರ್ಷ ಅವರ ಮನೆಯನ್ನು ತೋರಿಸಿ ಬ್ಯಾಕ್ಟೀರಿಯವನ್ನು ಕಲಿಸಿದ್ದೆ, ಈಗ ಅವರಿಗೇ ಕಲಿಸುವ ಪಾಳಿ ಬಂದಿತ್ತು.

"ಚಿಗವ್ವಾ, ನಿನ್ನ ಎದಿಯೊಳಗ ಹೊಕ್ಕಾವಲ್ಲ, ಅವೂ ನಿಮ್ಮಂಗ ಒಂದ ಖೋಲಿಯೊಳಗ ಸಂಸಾರ ಮಾಡೂವು. ಇಲ್ಲಿ ಕಾಕಾ ಓದತಾನ, ನೀ ನೇಯತಿ. ಅಲ್ಲೂ ಹಂಗ ನಡದೈತಿ. ಈ ಕೆಂಪು ಗುಳಿಗಿ ಐತೆಲ್ಲ, ಇದು ಹೋಗಿ ಓದಾವನ ಬಾಯಿ ಮುಚ್ಚತೈತಿ. ಓದಾವ ಸುಮ್ಮನಾದ ಅಂದ್ರ ನೇಯಾಕಿ ಏನ ನೇಯಬೇಕು?"

ಕಾಕಾ ಕಣ್ಣು ಮಿಟುಕಿಸಿದ. "ಅಂಥಾ ಗುಳಿಗಿ ಮೊದಲ ಸಿಕ್ಕಿದ್ರ ಛಲೋ ಆಕ್ಕಿತ್ತು ನೋಡ. ನಲವತ್ತು ವರ್ಷ ಆತು, ನಿಮ್ಮ ಚಿಗವ್ವ ನನ್ನ ಬಾಯಿ ಮುಚ್ಚಸಾಕ ಹೆಣಗ್ಯಾಡಾಕತ್ಯಾಳ."

ಚಿಗವ್ವ ನಕ್ಕಳು, ನಗು ಕೆಮ್ಮಿಗೆ ತಿರುಗಿತು. ಕೆಮ್ಮು ನಿಂತ ಮೇಲೆ ನಾನು ನಿರೀಕ್ಷಿಸದ ಒಂದು ಪ್ರಶ್ನೆ ಕೇಳಿದಳು. "ನಮ್ಮ ಮೈಯೊಳಗೂ ಓದಾವ್ರು ನೇಯಾವ್ರು ಅದಾರ ಅಂದಿ. ಹಂಗಾರ ಯಾವ ಮಗ್ಗ ಯಾರದು ಅಂತ ಔಷಧಿಗೆ ಹೆಂಗ ತಿಳೀತೈತಿ?"

ಇಪ್ಪತ್ತು ವರ್ಷದಲ್ಲಿ ನನ್ನ ಒಬ್ಬ ವಿದ್ಯಾರ್ಥಿಯೂ ಇದನ್ನು ಕೇಳಿರಲಿಲ್ಲ. "ಅವುಗಳ ಮಗ್ಗದ ಅಳತಿ ಬ್ಯಾರೆ, ನಮ್ಮ ಮಗ್ಗದ ಅಳತಿ ಬ್ಯಾರೆ. ಔಷಧಿಗೆ ಎಲ್ಲಾ ಗೊತ್ತಾಕ್ಕೈತಿ, ನೀ ಅದರ ಚಿಂತಿ ಮಾಡಬ್ಯಾಡ" ಎಂದೆ. ಅದು ಪೂರ್ತಿ ನಿಜವಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಪೂರ್ತಿ ನಿಜ ಹೇಳಲು ಇನ್ನೂ ಅರ್ಧ ಗಂಟೆ ಬೇಕಾಗುತ್ತಿತ್ತು, ನಾನು ನಾಲ್ಕೂವರೆಯ ಬಸ್ಸು ಹಿಡಿಯಬೇಕಾಗಿತ್ತು.

ಬಸ್ಸಿಗೆ ಮೊದಲು ಇನ್ನೊಂದು ಕೆಲಸ ಮಾಡಿದೆ. ಅಂಗನವಾಡಿಯ ಕಾವೇರಿಯನ್ನು ಭೇಟಿಯಾದೆ. ಕಾವೇರಿ ನನ್ನ ಹಳೆಯ ವಿದ್ಯಾರ್ಥಿನಿ. ಎರಡು ವರ್ಷ ನನ್ನ ಎದುರು ಕೂತು ಬೈಸಿಕೊಂಡವಳು, ನನ್ನ ಮುಂದೆ ಈಗಲೂ ನಿಂತೇ ಮಾತನಾಡುವವಳು. ನಾನು ಕೇಳಿದ್ದು ಇಷ್ಟೇ, ಡಬ್ಬಿಯನ್ನು ನನ್ನ ಕೈಗೆ ಕೊಡು, ಚಿಗವ್ವನ ಮನೆಯಲ್ಲೇ ಇಡುತ್ತೇನೆ.

"ಡಬ್ಬಿ ಕೊಡಾಕ ಬರೂದಿಲ್ಲರಿ ಮೇಡಂ" ಎಂದಳು. "ನನ್ನ ಕಣ್ಣ ಮುಂದ ನುಂಗಬೇಕ್ರಿ. ಅದಕ್ಕ ನನ್ನ ನೇಮಿಸ್ಯಾರ."

"ಗುಳಿಗಿ ಒಳಗ ಹೋಗಿ ಏನ ಮಾಡತೈತಿ ಅನ್ನೂದು ನಿನಗ ಹೆಚ್ಚು ಗೊತ್ತೋ ನನಗೋ? ಚಿಗವ್ವ ನಾಚಗೊಳ್ಳಾಕತ್ಯಾಳ. ಜವಾಬ್ದಾರಿ ನಂದು. ನೀ ಕಾರ್ಡಿನ ಮ್ಯಾಲ ಗುರುತು ಹಾಕ್ಕೋತ ಹೋಗು."

 ಕಾವೇರಿ ಒಳಗೆ ಹೋಗಿ ಡಬ್ಬಿ ತಂದುಕೊಟ್ಟಳು.

ಚಿಗವ್ವ ನಾಚಿಕೊಂಡಿರಲಿಲ್ಲ. ನಾನು ಅವಳನ್ನು ಕೇಳಿಯೇ ಇರಲಿಲ್ಲ. ಆ ತಿಂಗಳು ನನ್ನ ಮಗಳಿಗೆ ತೇರದಾಳದ ಒಂದು ಮನೆತನದಿಂದ ಸಂಬಂಧ ಬಂದಿತ್ತು. ಹುಡುಗ ಬ್ಯಾಂಕಿನಲ್ಲಿದ್ದ. ಅವರ ಕಡೆಯವರು ಬನಹಟ್ಟಿಯ ಓಣಿಯಲ್ಲಿ ನಮ್ಮ ಬಗ್ಗೆ ವಿಚಾರಿಸುತ್ತಿದ್ದರು. ಹುಡುಗಿಯ ಅಜ್ಜಿಗೆ ಕ್ಷಯ, ವಾರಕ್ಕೆ ಮೂರು ಸಲ ಗುಳಿಗೆ ನುಂಗಲು ಹೋಗುತ್ತಾಳೆ ಎಂದು ಒಬ್ಬರು ಬಾಯಿಬಿಟ್ಟರೆ ಸಾಕಿತ್ತು. ಅಷ್ಟೇ ಅಲ್ಲ, ಕಾವೇರಿಯ ಮನೆ ಇದ್ದ ಕೇರಿಯಲ್ಲಿ ನಮ್ಮವರು ಯಾರೂ ನೀರು ಕುಡಿದವರಲ್ಲ, ಗುಳಿಗೆ ನುಂಗಲು ನೀರು ಬೇಕು. ಜೀವಶಾಸ್ತ್ರ ಕಲಿಸುವ ನಾನು ಇದನ್ನೂ ಲೆಕ್ಕಕ್ಕೆ ಹಿಡಿದೆ. ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಎರಡೇ ತಿಂಗಳಿಗೆ ಕೆಮ್ಮು ನಿಂತಿತು. ಚಿಗವ್ವನ ಕೆನ್ನೆ ತುಂಬಿತು. ಪ್ರತಿ ಭಾನುವಾರ ಹೋಗಿ ನೋಡಿ ಬರುತ್ತೇನೆ ಎಂದು ನನಗೆ ನಾನೇ ಕೊಟ್ಟುಕೊಂಡ ಮಾತು ಎರಡು ವಾರಕ್ಕೊಮ್ಮೆಯಾಯಿತು, ಆಮೇಲೆ ತಿಂಗಳಿಗೊಮ್ಮೆ. ನನ್ನ ಗಂಡ ವೀರೇಶ ಬೀಳಗಿಯಲ್ಲಿ ಮುಳುಗಡೆ ಊರುಗಳ ಪುನರ್ವಸತಿ ಕಚೇರಿಯಲ್ಲಿದ್ದರು, ವಾರಕ್ಕೊಮ್ಮೆ ಮನೆಗೆ ಬರುವವರು. ಮದುವೆಯ ಮಾತುಕತೆಯೆಲ್ಲ ನನ್ನ ತಲೆಯ ಮೇಲೇ ಇತ್ತು. ಹೋದಾಗಲೆಲ್ಲ "ಗುಳಿಗಿ?" ಎನ್ನುತ್ತಿದ್ದೆ. "ಒಂದೂ ಉಳದಿಲ್ಲ" ಎನ್ನುತ್ತಿದ್ದಳು ಚಿಗವ್ವ.

ಐದನೆಯ ತಿಂಗಳ ಕಫ ಪರೀಕ್ಷೆಯಲ್ಲಿ ರೋಗಾಣು ಮತ್ತೆ ಕಂಡಿತು. ಔಷಧಿ ಸೋತಿದೆ, ಇನ್ನು ಗುಳಿಗೆಯ ಜೊತೆಗೆ ಸೂಜಿಯೂ ಬೇಕು ಎಂದರು ಡಾಕ್ಟರರು. ನನಗೆ ನಂಬಿಕೆಯಾಗಲಿಲ್ಲ. ಮನೆಗೆ ಬಂದವಳೇ ಡಬ್ಬಿ ತೆಗೆದು ಗುಳಿಗೆಯ ಹಾಳೆಗಳನ್ನೆಲ್ಲ ಚಾಪೆಯ ಮೇಲೆ ಹರಡಿದೆ. ಅಲ್ಲಿಯವರೆಗಿನ ಒಂದೊಂದು ಗುಳಿಗೆಯೂ ಖರ್ಚಾಗಿತ್ತು. ಚಿಗವ್ವ ಅದನ್ನು ಅಭಿಮಾನದಿಂದ ತೋರಿಸಿದಳು.

ಕಾಕಾ ಮೆಲ್ಲಗೆ ಗಂಟಲು ಸರಿಪಡಿಸಿಕೊಂಡ. "ಹಾಸ ಕೂಡಿಸೂ ದಿನ ತಗೊಂತಿರಲಿಲ್ಲ ನೋಡ ಆಕಿ" ಎಂದ.

ಮಗ್ಗದ ಮೇಲಿನ ಹಾಸು, ಅಂದರೆ ಉದ್ದದ ಎಳೆಗಳು, ಮುಗಿಯುತ್ತ ಬಂದಾಗ ಹೊಸ ಹಾಸಿನ ಎಳೆಗಳನ್ನು ಹಳೆಯ ತುದಿಗೆ ಒಂದೊಂದಾಗಿ ಹೊಸೆದು ಕೂಡಿಸಬೇಕು. ಎರಡು ಸಾವಿರಕ್ಕೂ ಹೆಚ್ಚು ಎಳೆ. ಗಂಡ ಹೆಂಡತಿ ಎದುರುಬದುರು ಕೂತರೆ ನಾಲ್ಕು ದಿನದ ಕೆಲಸ, ನಡುವೆ ಏಳುವಂತಿಲ್ಲ, ಕೈ ನಡುಗುವಂತಿಲ್ಲ. ಗುಳಿಗೆ ನುಂಗಿದ ದಿನ ಚಿಗವ್ವನಿಗೆ ಹೊಟ್ಟೆ ತೊಳಸುತ್ತಿತ್ತು. ಹೀಗಾಗಿ ಹಾಸು ಕೂಡಿಸುವ ದಿನಗಳಲ್ಲಿ ಅವಳು ಗುಳಿಗೆ ಬಿಡುತ್ತಿದ್ದಳು, ಆಮೇಲೆ ಬಿಟ್ಟದ್ದನ್ನೂ ಅಂದಿನದನ್ನೂ ಸೇರಿಸಿ ಒಮ್ಮೆಲೇ ನುಂಗುತ್ತಿದ್ದಳು. ಹಾಸು ಮೂರು ವಾರಕ್ಕೊಮ್ಮೆ ಮುಗಿಯುತ್ತಿತ್ತು.

"ಕಡದ ಎಳಿ ಹಂಗ ಬಿಡತಾರೇನು?" ಎಂದಳು ಚಿಗವ್ವ, ನನ್ನ ಮುಖ ನೋಡಿ ಗಾಬರಿಯಾಗಿ. "ಗಂಟ ಹಾಕಿ ಮುಂದ ನೇಯತಾರ. ನಾನೂ ಹಂಗ ಮಾಡೇನಿ. ಎಳಿ ಒಂದೂ ಕಮ್ಮಿ ಆಗಿಲ್ಲ, ನೀನ ಎಣಸು."

ಅವಳು ಸುಳ್ಳು ಹೇಳುವವಳಲ್ಲ, ಅವಳ ಲೆಕ್ಕದಲ್ಲಿ ತಪ್ಪೂ ಇರಲಿಲ್ಲ. ಬಟ್ಟೆ ಕಾಯುತ್ತದೆ. ನಾಲ್ಕು ದಿನ ಮಗ್ಗ ನಿಂತರೂ ಬಿಟ್ಟಲ್ಲಿಂದ ನೇಯಬಹುದು. ಬ್ಯಾಕ್ಟೀರಿಯ ಕಾಯುವುದಿಲ್ಲ. ಔಷಧಿಯ ಹಿಡಿತ ಸಡಿಲವಾದ ಗಳಿಗೆಯಲ್ಲಿ, ಸಾಯದೆ ಉಳಿದವುಗಳ ಒಳಗೆ ಓದುವುದೂ ನೇಯುವುದೂ ಮತ್ತೆ ಶುರುವಾಗುತ್ತದೆ. ನಕಲು ಮುಗಿಯಲಿ, ಬಾಗಿಲು ತೆರೆಯಲಿ ಎಂದು ಕಾಯಲು ಅಲ್ಲಿ ಒಳಕೋಣೆಯೇ ಇಲ್ಲ. ಲಕ್ಷಾಂತರದಲ್ಲಿ ಒಂದಕ್ಕೆ ಆಕಾರ ಕೊಂಚ ಬೇರೆಯಿದ್ದು ಗುಳಿಗೆ ಹತ್ತದಿದ್ದರೆ, ಅದರ ಸಂತಾನವೇ ಎದೆ ತುಂಬುತ್ತದೆ. ಇದೆಲ್ಲ ನನಗೆ ಬಾಯಿಪಾಠ. ಚಿಗವ್ವನಿಗೆ ನಾನು ಹೇಳಿದ್ದು ಓದುವವನ ಬಾಯಿ ಮುಚ್ಚುತ್ತದೆ ಎಂಬಷ್ಟು ಮಾತ್ರ. ಎಷ್ಟು ಹೊತ್ತು ಮುಚ್ಚಿರುತ್ತದೆ ಎಂದು ಹೇಳಿರಲಿಲ್ಲ. ಹೇಳುವ ಬದಲಿಗೆ ಒಬ್ಬಾಕೆ ಎದುರು ಕೂತು ನೋಡಿದ್ದರೂ ಸಾಕಾಗುತ್ತಿತ್ತು. ಅದಕ್ಕೆಂದೇ ನೇಮಿಸಿದ್ದವಳಿಂದ ಡಬ್ಬಿ ಕಸಿದುಕೊಂಡವಳು ನಾನು.

ಆಗಲೇ ಇದನ್ನು ಒಪ್ಪಿಕೊಳ್ಳಬೇಕಾಗಿತ್ತು. ನಾನು ಒಪ್ಪಿಕೊಳ್ಳಲಿಲ್ಲ, ಬೈದೆ. ನಲವತ್ತೈದು ವರ್ಷ ಕೂತು ಕೂತು ಬೆನ್ನು ಬಾಗಿದ ಹೆಂಗಸನ್ನು, ನನ್ನ ಪರೀಕ್ಷೆಯ ಶುಲ್ಕಕ್ಕೆಂದು ತನ್ನ ಬೆಂಡೋಲೆ ಬಿಚ್ಚಿಕೊಟ್ಟವಳನ್ನು, ಕೊನೆಯ ಬೆಂಚಿನ ಹುಡುಗನನ್ನು ಬೈಯುವ ಹಾಗೆ ಬೈದೆ.

"ಇನ್ನ ಮುಂದ ಒಂದ ಒಂದು ಸೂಜಿ ತಪ್ಪಿಸಿದಿ ಅಂದ್ರ ನಾ ಈ ಮನಿ ಹೊಸ್ತಿಲಾ ತುಳಿಯೂದಿಲ್ಲ. ಏನರ ಆಗಲಿ, ಎದ್ದು ಬೀಳಲಿ, ನಡುವ ಬಿಡಂಗಿಲ್ಲ. ತಿಳೀತ?"

"ತಿಳೀತ ಯವ್ವಾ" ಎಂದಳು ಚಿಗವ್ವ, ತಪ್ಪು ಮಾಡಿದ ಸಾಲಿಯ ಹುಡುಗಿಯ ಹಾಗೆ.

ಎರಡನೆಯ ಸುತ್ತಿಗೆ ನೀಲಿ ಡಬ್ಬಿ. ಎಂಟು ತಿಂಗಳ ಔಷಧಿ, ಅದರಲ್ಲಿ ಮೊದಲ ಎರಡು ತಿಂಗಳು ಗುಳಿಗೆಯ ಜೊತೆಗೆ ಸ್ಟ್ರೆಪ್ಟೊಮೈಸಿನ್ ಸೂಜಿ, ವಾರಕ್ಕೆ ಮೂರು, ಒಟ್ಟು ಇಪ್ಪತ್ನಾಲ್ಕು. ಕಾರ್ಡಿನ ಮೇಲೆ ಸುಳ್ಳು ಗುರುತು ಹಾಕಿದ್ದಕ್ಕೆ ಕಾವೇರಿಗೆ ಮೇಲಿನವರಿಂದ ನೋಟೀಸು ಬಂದಿತ್ತು. ಅವಳು ನನ್ನ ಹೆಸರು ಹೇಳಿರಲಿಲ್ಲ. ಈ ಸಲ ನನ್ನನ್ನು ಕೇಳದೆ ತಾನೇ ಚಿಗವ್ವನನ್ನು ಕರೆಯಲು ಬಂದಳು. ಚಿಗವ್ವ ಸೆರಗು ಹೊದ್ದು ಅವಳ ಹಿಂದೆ ದವಾಖಾನೆಗೆ ಹೋಗಿ ಸೂಜಿ ಹಾಕಿಸಿಕೊಂಡು, ಅವಳ ಮನೆಯಲ್ಲಿ ಕೂತು, ಅವಳು ಕೊಟ್ಟ ನೀರಿನಲ್ಲೇ ಗುಳಿಗೆ ನುಂಗಿ ಬರುತ್ತಿದ್ದಳು. ಒಂದು ದಿನವೂ ತಪ್ಪಲಿಲ್ಲ. ನಾನು ಇಷ್ಟು ದಿನ ಯಾವುದನ್ನು ತಪ್ಪಿಸಲು ಒದ್ದಾಡಿದ್ದೆನೋ ಅದು ಅವಳಿಗೆ ಒಂದು ಕಷ್ಟವೇ ಆಗಿರಲಿಲ್ಲ.

ಸ್ಟ್ರೆಪ್ಟೊಮೈಸಿನ್ ಓದುವವನ ಬಾಯಿ ಮುಚ್ಚುವ ಔಷಧಿಯಲ್ಲ. ಅದು ನೇರವಾಗಿ ನೇಯುವವನ ಮೇಲೆ, ರೈಬೋಸೋಮಿನ ಮೇಲೆ ಕೂರುತ್ತದೆ. ಸಂದೇಶ ಬರುತ್ತಿದ್ದರೂ ಅದು ಸರಿಯಾಗಿ ತಿಳಿಯದೆ ರೈಬೋಸೋಮು ತಪ್ಪು ತಪ್ಪು ನೇಯುತ್ತದೆ, ಕೆಲಸಕ್ಕೆ ಬಾರದ ಪ್ರೋಟೀನು ಒಟ್ಟುತ್ತದೆ, ಕೊನೆಗೆ ಕೋಶ ಸಾಯುತ್ತದೆ. ಈ ಪಾಠವನ್ನೂ ನಾನು ಚೆನ್ನಾಗಿಯೇ ಮಾಡುತ್ತಿದ್ದೆ.

ಎಂಟು ವಾರ ಮುಗಿದ ಮೇಲಿನ ಭಾನುವಾರ ಬನಹಟ್ಟಿಗೆ ಹೋದೆ. ಹಿಂದಿನ ದಿನವಷ್ಟೇ ಕಫದ ಫಲಿತಾಂಶ ಬಂದಿತ್ತು, ರೋಗಾಣು ಇರಲಿಲ್ಲ. ಪೇಡೆಯ ಪೊಟ್ಟಣ ಹಿಡಿದು ಸಂತೋಷದಿಂದಲೇ ಓಣಿ ಹೊಕ್ಕೆ. ಬಾಗಿಲಲ್ಲಿ ನಿಂತಾಗ ಕಾಕಾ ಕಾಗದದ ಮೇಲೆ ಬಾಗಿ ಓದುತ್ತಿದ್ದ, ಚಿಗವ್ವ ನನಗೆ ಬೆನ್ನು ಮಾಡಿ ನೇಯುತ್ತಿದ್ದಳು. ನನ್ನನ್ನು ನೋಡಿ ಕಾಕಾ ಓದುವುದನ್ನು ನಿಲ್ಲಿಸಿದ. "ಬಾ ಬಾ ಶೈಲಾ" ಎಂದು ಎದ್ದು ನೀರು ತರಲು ಹೋದ.

ಚಿಗವ್ವ ನಿಲ್ಲಿಸಲಿಲ್ಲ. ಎಳೆ ಎತ್ತುತ್ತ, ಬಿಡುತ್ತ, ಲಾಳಿ ಹಾಯಿಸುತ್ತಲೇ ಇದ್ದಳು. ಓದುವವರಿಲ್ಲದೆ ಇವಳು ಏನು ನೇಯುತ್ತಿದ್ದಾಳೆ ಎಂದು ಹತ್ತಿರ ಹೋಗಿ ಬಗ್ಗಿ ನೋಡಿದೆ. ಅಂಚಿನ ಹೂವು ಹೂವಾಗಿರಲಿಲ್ಲ. ಅಂದಾಜಿನ ಮೇಲೆ ನೇಯ್ದದ್ದು ಗೇಣುದ್ದ ಬೆಳೆದಿತ್ತು. "ಚಿಗವ್ವಾ" ಎಂದೆ. ಮತ್ತೊಮ್ಮೆ ಎಂದೆ. ಭುಜ ಮುಟ್ಟಿದಾಗ ಬೆಚ್ಚಿಬಿದ್ದು ತಿರುಗಿದಳು. ಅವಳ ಮುಖದಲ್ಲಿ ಸಿಕ್ಕಿಬಿದ್ದವರ ಭಯವಿತ್ತು.

ಕಿವಿಗೆ ಬಾಯಿ ಹಚ್ಚಿ ಕೂಗಿ ಕೇಳಿದೆ, ಯಾವಾಗಿನಿಂದ ಎಂದು.

"ಹದಿನಾರನೇ ಸೂಜಿಗೆ ಗುಂಯ್ ಅನ್ನಾಕ ಹತ್ತಿತ್ತು" ಎಂದಳು. "ಆಮ್ಯಾಲ ದಿನಾ ಒಂದೀಟು ಕಮ್ಮಿ ಆಕ್ಕೋತ ಬಂತು."

"ಯಾಕ ಹೇಳಲಿಲ್ಲ ಬೇ?"

"ಹೇಳಿದ್ರ ಡಾಕ್ಟರ್ ನಡುವ ಬಿಡು ಅಂದಗಿಂದಾರು ಅಂತ. ಕಾವೇರಿ ಕೇಳಿದ್ಲು, ತಲಿ ತಿರಗತೈತಿ ಏನ, ಕಿವಿಗೆ ಏನರ ಆಗೈತಿ ಏನ ಅಂತ. ಏನೂ ಇಲ್ಲ ಅಂದೆ. ಒಂದೂ ತಪ್ಪಿಸಬ್ಯಾಡ ಅಂದಾಕಿ ನೀನ ಅಲ್ಲೇನ? ಎಲ್ಲಾ ಹಾಕ್ಕೊಂಡೆ ನೋಡ."

ಕಾಕಾ ಚರಿಗೆ ಹಿಡಿದು ಹಾಗೇ ನಿಂತಿದ್ದ. ಅವನಿಗೂ ತಿಳಿದಿರಲಿಲ್ಲ. ತಲೆ ಬಗ್ಗಿಸಿ ಓದುವವನಿಗೆ ಕೇಳುವವರ ಮುಖ ಕಾಣುವುದಿಲ್ಲ. ಇತ್ತೀಚೆಗೆ ಅಂಚು ಕೆಡುತ್ತಿದ್ದುದಕ್ಕೆ ಅಶಕ್ತತನ ಕಾರಣ ಎಂದುಕೊಂಡಿದ್ದನಂತೆ.

ಜಮಖಂಡಿಯ ಕಿವಿ ಡಾಕ್ಟರರು ಯಂತ್ರ ಹಚ್ಚಿ ನೋಡಿದರು. ಮೊದಲ ಸಲ ಗುಂಯ್ ಎಂದಾಗಲೇ ಹೇಳಿದ್ದರೆ ಸೂಜಿ ನಿಲ್ಲಿಸಿ ಬೇರೆ ದಾರಿ ಹುಡುಕುತ್ತಿದ್ದರು, ಇನ್ನು ಹೋದದ್ದು ಬರುವುದಿಲ್ಲ ಎಂದರು. ಕಿವಿಗೆ ಹಾಕಿಕೊಳ್ಳುವ ಯಂತ್ರವೂ ಹೆಚ್ಚು ಉಪಯೋಗವಾಗದು ಎಂದರು. ನಾನು ಕಾರಣ ಕೇಳಲಿಲ್ಲ. ಕಾರಣ ನನಗೆ ಗೊತ್ತಿತ್ತು. ನಮ್ಮ ಕೋಶಗಳ ಒಳಗೂ ಬ್ಯಾಕ್ಟೀರಿಯದ ಅಳತೆಯನ್ನೇ ಹೋಲುವ ಮಗ್ಗಗಳಿವೆ, ಮೈಟೊಕಾಂಡ್ರಿಯ ಎಂಬ ಭಾಗದಲ್ಲಿ. ಕೋಟ್ಯಂತರ ವರ್ಷಗಳ ಹಿಂದೆ ನಮ್ಮೊಳಗೆ ಬಂದು ಬಿಡಾರ ಹೂಡಿದ ಬ್ಯಾಕ್ಟೀರಿಯವೇ ಅದು ಎನ್ನುತ್ತಾರೆ. ಕಿವಿಯೊಳಗಿನ ಎಳೆಯಂಥ ಜೀವಕೋಶಗಳಿಗೆ ಅದರ ದುಡಿಮೆ ಬಹಳ ಬೇಕು. ಸ್ಟ್ರೆಪ್ಟೊಮೈಸಿನ್ ಕಿವಿಯನ್ನು ಕೆಡಿಸುವುದಕ್ಕೆ ಇದೂ ಒಂದು ಕಾರಣ. ಯಾವ ಮಗ್ಗ ಯಾರದು ಎಂದು ಔಷಧಿಗೆ ಪೂರ್ತಿ ತಿಳಿಯುವುದಿಲ್ಲ. ಓದು ಬಾರದ ಹೆಂಗಸು ಮೊದಲ ದಿನವೇ ಅದನ್ನು ಕೇಳಿದ್ದಳು, ನಾನು ಬಸ್ಸಿನ ಅವಸರದಲ್ಲಿ ಅವಳ ಬಾಯಿ ಮುಚ್ಚಿಸಿದ್ದೆ.

ಮಗ್ಗದ ಮೇಲಿದ್ದ ಸೀರೆ ಅಲ್ಲಿಗೇ ನಿಂತಿತು. ಕಾಕಾ ಬೆರಳು ತೋರಿಸಿ ಹೇಳಿಕೊಡಲು ನೋಡಿದ. ಬೆರಳು ನೋಡಿದರೆ ಎಳೆ ಕಾಣದು, ಎಳೆ ನೋಡಿದರೆ ಬೆರಳು ಕಾಣದು. ನಾಲ್ಕು ದಿನಕ್ಕೆ ಇಬ್ಬರೂ ಸೋತು ಬಿಟ್ಟುಬಿಟ್ಟರು. ಮೇ ತಿಂಗಳಲ್ಲಿ ನನ್ನ ಮಗಳ ಮದುವೆ ತೇರದಾಳದವರೊಡನೆಯೇ ಆಯಿತು. ಚಿಗವ್ವ ಬಂದಳು, ಎಲ್ಲರನ್ನೂ ನೋಡಿ ನಕ್ಕಳು, ಯಾರು ಏನು ಕೇಳಿದರೂ "ಹೂಂ" ಎಂದಳು. ಅಕ್ಷತೆ ಹಾಕುವಾಗ ವಾದ್ಯ ಜೋರಾದದ್ದು ಅವಳಿಗೆ ತಿಳಿಯಲಿಲ್ಲ. ಕಾಕಾ ಅವಳ ಕೈ ಹಿಡಿದು ಎತ್ತಿದ.

ಆಮೇಲೆ ನನಗೆ ನಿದ್ದೆ ಹತ್ತಲಿಲ್ಲ ಎಂದೆಲ್ಲ ಹೇಳುವುದಿಲ್ಲ. ನಿದ್ದೆ ಬರುತ್ತಿತ್ತು. ತರಗತಿಯಲ್ಲಿ ಆ ಪಾಠ ಬಂದ ದಿನ ಮಾತ್ರ ಬಾಯಿ ಏಳಲಿಲ್ಲ. "ಬ್ಯಾಕ್ಟೀರಿಯ ಒಂದೇ ಖೋಲಿಯ ಜೀವ" ಎಂದು ಶುರು ಮಾಡಿದವಳು, ಪುಸ್ತಕ ತೆರೆದು ಒಂದೂವರೆ ಪುಟ ಓದಿಸಿ ಮುಗಿಸಿದೆ. ಗಂಟೆ ಹೊಡೆಯಲು ಇನ್ನೂ ಅರ್ಧ ಗಂಟೆ ಇತ್ತು. ಹುಡುಗರನ್ನು ಬಿಟ್ಟು ನೇರ ಬಸ್‌ಸ್ಟ್ಯಾಂಡಿಗೆ ಹೋದೆ.

ಚಿಗವ್ವ ಹೊಸ್ತಿಲ ಒಳಗೆ ಕೂತು ಜೋಳ ಹಸನು ಮಾಡುತ್ತಿದ್ದಳು. ಕಾಕಾ ಹಗ್ಗ ಹೊಸೆಯುತ್ತಿದ್ದ. ಎಡಬಲದ ಮನೆಗಳಲ್ಲಿ ಪಾವರ್‌ಲೂಮುಗಳು ಕಿವಿ ಕಿತ್ತುಹೋಗುವ ಹಾಗೆ ಬಡಿಯುತ್ತಿದ್ದವು. ಅವಳೆದುರು ಕೂತೆ.

"ಚಿಗವ್ವಾ, ಡಬ್ಬಿ ತಂದಾಕಿ ನಾನು" ಎಂದೆ.

"ಆಂ?" ಎಂದಳು.

ದನಿ ಏರಿಸಿದೆ. ಅವಳು ಕೈಯನ್ನು ಕಿವಿಗೆ ಮರೆ ಹಿಡಿದಳು. ಇನ್ನೂ ಏರಿಸಿದೆ. ಮಗ್ಗಗಳ ಸದ್ದಿನಲ್ಲಿ ನನ್ನ ಮಾತು ನನಗೇ ಸರಿಯಾಗಿ ಕೇಳುತ್ತಿರಲಿಲ್ಲ. ಕೊರಳು ಹರಿಯುವಂತೆ ಕೂಗಿದೆ: "ಕಾವೇರಿ ಕೊಡೂದಿಲ್ಲ ಅಂದ್ಲು! ನಾನ ಕಸಗೊಂಡ ಬಂದೆ!"

ಆಗಲೇ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ನನ್ನ ಬಾಯಲ್ಲಿದ್ದ ಉಳಿದ ಮಾತು ಆ ಮೌನದಲ್ಲಿ ಹೊರಬಿತ್ತು. "ನಿನಗ ಕ್ಷಯ ಆಗೈತಿ ಅಂತ ತೇರದಾಳದ ಮಂದಿಗೆ ತಿಳೀಬಾರದು ಅಂತ ತಂದೆ! ನನ್ನ ಮಗಳ ಸಂಬಂಧ ತಪ್ಪತೈತಿ ಅಂತ! ನಿನ್ನ ಸಲುವಾಗಿ ಅಲ್ಲ!"

ಎದುರುಮನೆಯ ಮುತ್ತವ್ವ ಬಾಗಿಲಿಗೆ ಬಂದಳು. ಮಗ್ಗ ನಿಂತದ್ದರಿಂದ ಹೊರಗೆ ಬಂದ ಗಂಡಸರು ಅಲ್ಲಲ್ಲೇ ನಿಂತರು. ನಿಲ್ಲಿಸಬಹುದಿತ್ತು. ಒಂದು ಸಲ ಓಣಿಯ ಕಡೆ ನೋಡಿದೆ. ತೇರದಾಳಕ್ಕೆ ಸುದ್ದಿ ಮುಟ್ಟಲು ಸಂಜೆಯವರೆಗೂ ಬೇಕಾಗಿರಲಿಲ್ಲ. ಆದರೂ ಅದೇ ದನಿಯಲ್ಲಿ ಮುಂದುವರಿಸಿದೆ. ಪ್ರತಿ ಭಾನುವಾರ ಬಂದು ನೋಡಬೇಕೆಂದುಕೊಂಡು ನೋಡಲಿಲ್ಲ ಎಂದೆ. ಕಾವೇರಿಯದು ಏನೂ ತಪ್ಪಿಲ್ಲ ಎಂದೆ. ನಾನು ಹೆದರಿಸಿದ್ದಕ್ಕೇ ನೀನು ಕಿವಿಯ ವಿಷಯ ಮುಚ್ಚಿಟ್ಟೆ ಎಂದೆ. ಕೂಗುತ್ತಲೇ ಅಳು ಬಂತು, ಅಳುತ್ತಲೇ ಕೂಗಿದೆ. ಕಾಕಾ ಹಗ್ಗ ಬಿಟ್ಟು ಎದ್ದು ನಿಂತಿದ್ದ.

ಚಿಗವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಸೆರಗಿನಿಂದ ನನ್ನ ಗಲ್ಲ ಒರೆಸಿದಳು.

"ಪೂರಾ ತಿಳೀಲಿಲ್ಲ ಯವ್ವಾ" ಎಂದಳು. "ಒದರಬ್ಯಾಡ. ಇನ್ನೊಮ್ಮೆ ಹೇಳ. ಮೆಲ್ಲಕ ಹೇಳ, ಬಾಯಿ ಕಾಣೂ ಹಂಗ."

ಮೊದಲಿನಿಂದ ಮತ್ತೆ ಹೇಳಿದೆ. ಒಂದೊಂದೇ ಮಾತು, ಬಾಯಿ ತೆರೆದು. ಈಗ ಓಣಿ ಎಷ್ಟು ಸ್ತಬ್ಧವಾಗಿತ್ತೆಂದರೆ ನನ್ನ ಮೆಲುದನಿಯೂ ಮುತ್ತವ್ವನ ಬಾಗಿಲಿಗೆ ಮುಟ್ಟುತ್ತಿತ್ತು. ಚಿಗವ್ವ ನನ್ನ ತುಟಿಗಳ ಮೇಲೆ ಕಣ್ಣಿಟ್ಟು, ನಾನು ಒಂದು ಮಾತು ಮುಗಿಸುವ ಮೊದಲೇ ಅದಕ್ಕೆ ತಲೆಯಾಡಿಸುತ್ತಿದ್ದಳು. ತೇರದಾಳ ಎಂದಾಗ ಅವಳ ತಲೆ ನಿಂತಿತು.

 ಮೊರದಲ್ಲಿದ್ದ ಜೋಳವನ್ನು ಸುಮ್ಮನೆ ಬೆರಳಿನಿಂದ ಸರಿಸಿದಳು. ಆಮೇಲೆ ತನ್ನ ದನಿ ಎಷ್ಟು ಜೋರಾಗಿದೆ ಎಂಬುದು ತನಗೇ ತಿಳಿಯದೆ, ಇಡೀ ಓಣಿಗೆ ಕೇಳುವಂತೆ ಹೇಳಿದಳು.

"ಆ ಸಂಬಂಧ ತಪ್ಪಬಾರದು ಅಂತ ನನಗೂ ಇತ್ತು. ಅಕಿ ನನ್ನ ಮೊಮ್ಮಗಳಲ್ಲೇನ? ನಾನೂ ಮಂದಿ ಮುಂದ ಬಾಯಿ ಬಿಡ್ತಿರಲಿಲ್ಲ. ಹೊತ್ತು ಮೂಡೂಕಿಂತ ಮೊದಲ ಕಾವೇರಿ ಮನಿಗೆ ಹೋಗಿ ನುಂಗಿ ಬರತಿದ್ದೆ. ನನಗ ಒಂದು ಮಾತ ಹೇಳಬೇಕಾಗಿತ್ತು ಶೈಲಾ. ಆವಾಗ ನನಗ ಕಿವಿ ಇದ್ದುವು."